ಹಗ್ಗದ ಇನ್ನೊಂದು ತುದಿ

1953ರ ಮೇ 29ರಂದು ಬೆಳಿಗ್ಗೆ 11.30ರ ಹೊತ್ತಿಗೆ ಎಡ್ಮಂಡ್ ಹಿಲರಿ ಮತ್ತು ತೇನ್‌ಸಿಂಗ್ ನೋರ್ಗೆ ಎವರೆಸ್ಟ್ ಶಿಖರದ ಮೇಲೆ ನಿಂತರು. ಇಳಿದು ಕಠ್ಮಂಡುವಿಗೆ ಬರುವಷ್ಟರಲ್ಲಿ ಜನ ಅವರಿಗಾಗಿ ಒಂದು ಪ್ರಶ್ನೆಯನ್ನು ಸಿದ್ಧಮಾಡಿಟ್ಟುಕೊಂಡಿದ್ದರು: ನಿಮ್ಮಿಬ್ಬರಲ್ಲಿ ಮೊದಲು ಕಾಲಿಟ್ಟವರು ಯಾರು? ಅವರನ್ನು ಸ್ವಾಗತಿಸಲು ಹಿಡಿದು ನಿಂತ ಚಿತ್ರಪಟಗಳಲ್ಲಿ ತೇನ್‌ಸಿಂಗ್ ಶಿಖರದ ಮೇಲೆ ನಿಂತಿದ್ದರು, ಹಿಲರಿಯನ್ನು ಹಗ್ಗ ಹಾಕಿ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಇನ್ನೊಂದು ಕಡೆಯವರಿಗೆ ಹಿಲರಿಯೇ ಮೊದಲಿಗರಾಗಿರಬೇಕಿತ್ತು. ಕೊನೆಗೆ, ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ತಲುಪಿದೆವು ಎಂಬ ಹೇಳಿಕೆಗೆ ಸಹಿ ಹಾಕಿ ಅವರು ಬಿಡಿಸಿಕೊಂಡರು. ಪ್ರಶ್ನೆ ಮಾತ್ರ ಅವರನ್ನು ಬಿಡಲಿಲ್ಲ.

ಎರಡು ವರ್ಷಗಳ ನಂತರ ಬಂದ ಆತ್ಮಕಥೆಯಲ್ಲಿ ತೇನ್‌ಸಿಂಗ್ ಆ ಕುತೂಹಲಕ್ಕೆ ತೆರೆ ಎಳೆದರು. ಮೊದಲು ಹಿಲರಿ, ಅವರ ಹಿಂದೆ ನಾನು, ಎಂದರು. ಆ ಉತ್ತರಕ್ಕಿಂತ ಅದರ ಜೊತೆಗೆ ಅವರು ಕೊಟ್ಟ ಒಂದು ಚಿಕ್ಕ ವಿವರ ನನ್ನ ಮನಸ್ಸನ್ನು ಹೆಚ್ಚು ಕಾಡಿದೆ. ಇಬ್ಬರ ನಡುವೆ ಇದ್ದ ಹಗ್ಗ ಮೂವತ್ತು ಅಡಿಯದು, ಆದರೆ ಅದರ ಬಹುಭಾಗವನ್ನು ಅವರು ಸುತ್ತುಸುತ್ತಾಗಿ ತಮ್ಮ ಕೈಯಲ್ಲೇ ಹಿಡಿದುಕೊಂಡಿದ್ದರು. ಹಾಗಾಗಿ ಇಬ್ಬರ ನಡುವಿನ ಅಂತರ ಸುಮಾರು ಆರು ಅಡಿ ಮಾತ್ರ. ಅಷ್ಟು ಎತ್ತರದಲ್ಲಿ, ಉಸಿರಾಡುವುದೇ ದುಡಿಮೆಯಾದ ಗಾಳಿಯಲ್ಲಿ, ಮನುಷ್ಯಚರಿತ್ರೆಯ ಒಂದು ದೊಡ್ಡ ಗಳಿಗೆ ಎದುರಿಗಿರುವಾಗ, ಒಬ್ಬ ಮನುಷ್ಯ ತನ್ನ ಗಮನದ ಒಂದು ಪಾಲನ್ನು ಹಗ್ಗದ ಸುತ್ತುಗಳ ಮೇಲೆ ಇಟ್ಟಿದ್ದ. ಮುಂದಿನವನು ಜಾರಿದರೆ ಹಗ್ಗ ತಡಮಾಡದೆ ಬಿಗಿಯಬೇಕು ಎಂಬ ಕಾರಣಕ್ಕೆ. ಯಾರು ಮೊದಲು ಎಂದು ಕೇಳಿದವರು ಬಹಳ. ಆ ಸುತ್ತುಗಳ ಬಗ್ಗೆ ಕೇಳಿದವರು ಎಷ್ಟು ಮಂದಿ?

ಇವರಿಬ್ಬರ ಜೋಡಿ ಕೂಡಿದ್ದೂ ಒಂದು ಹಗ್ಗದಿಂದಲೇ. ಅದೇ ದಂಡಯಾತ್ರೆಯ ಆರಂಭದ ದಿನಗಳಲ್ಲಿ ಖುಂಬು ಹಿಮಪ್ರವಾಹದ ಬಿರುಕೊಂದನ್ನು ಹಿಲರಿ ಹಾರಿದಾಗ ಕಾಲ ಕೆಳಗಿನ ಮಂಜುಗಡ್ಡೆ ಮುರಿದು ಅವರು ಬಿರುಕಿನೊಳಗೆ ಬಿದ್ದರು. ಹಿಂದಿದ್ದ ತೇನ್‌ಸಿಂಗ್ ಕ್ಷಣಮಾತ್ರದಲ್ಲಿ ಐಸ್ ಆಕ್ಸನ್ನು ಹಿಮಕ್ಕೆ ಊರಿ ಹಗ್ಗ ಸುತ್ತಿ ಅವರನ್ನು ಹಿಡಿದು ನಿಲ್ಲಿಸಿದರು. ಆ ದಿನದ ನಂತರ, ಶಿಖರಕ್ಕೆ ಹೋಗುವುದಾದರೆ ಇವರ ಜೊತೆಗೇ ಎಂದು ಹಿಲರಿಗೆ ಅನ್ನಿಸಿತು. ಮುಂದೆ ಆಗ್ನೇಯ ಏಣಿನ ಕೊನೆಯ ಭಾಗದಲ್ಲಿ ಸುಮಾರು ಹನ್ನೆರಡು ಮೀಟರ್ ಎತ್ತರದ ಬಂಡೆ ಅಡ್ಡವಾಯಿತು. ಒಂದು ಬದಿಯಲ್ಲಿ ಕಲ್ಲು, ಇನ್ನೊಂದು ಬದಿಯಲ್ಲಿ ಶೂನ್ಯದ ಮೇಲೆ ಚಾಚಿಕೊಂಡ ಹಿಮದ ಸೂರು. ನಡುವಿನ ಸಂದಿಯಲ್ಲಿ ಮೈ ತೂರಿಸಿ, ಬೂಟಿಗೆ ಕಟ್ಟಿದ ಕ್ರ್ಯಾಂಪಾನ್ ಮೊಳೆಗಳನ್ನು ಬೆನ್ನ ಹಿಂದಿನ ಹಿಮಕ್ಕೆ ಒದ್ದು ಒದ್ದು ಹಿಲರಿ ಮೇಲೇರಿದರು. ಆ ಜಾಗಕ್ಕೆ ಹಿಲರಿ ಸ್ಟೆಪ್ ಎಂಬ ಹೆಸರು ಬಂತು. ಆ ಹಿಮದ ಸೂರು ಕಳಚಿಬಿದ್ದಿದ್ದರೆ ಏನಾಗುತ್ತಿತ್ತು ಎಂಬುದರ ಉತ್ತರ ಕೆಳಗೆ ನಿಂತು ಹಗ್ಗ ಹಿಡಿದವರ ಕೈಯಲ್ಲಿತ್ತು. ಆ ನಿಂತ ಜಾಗಕ್ಕೆ ಹೆಸರಿಲ್ಲ.

ಪರ್ವತದ ಏಣು ಎಂದರೇನು ಎಂಬುದನ್ನು ಬಯಲುನಾಡಿನ ನಾವು ಸ್ವಲ್ಪ ಊಹಿಸಿಕೊಳ್ಳಬೇಕು. ಎರಡು ಇಳಿಜಾರುಗಳು ಸೇರುವ ಗೆರೆ ಅದು. ಕೆಲವೆಡೆ ಗೋಡೆಯ ತಲೆಯಷ್ಟು ಅಗಲ, ಕೆಲವೆಡೆ ಅದೂ ಇಲ್ಲ. ಬಲಕ್ಕೂ ಪ್ರಪಾತ, ಎಡಕ್ಕೂ ಪ್ರಪಾತ. ಕಲ್ಲಿರುವಲ್ಲಿ ಬಿರುಕು ಹುಡುಕಿ ಆಸರೆ ಸಿಕ್ಕಿಸಬಹುದು, ಗಟ್ಟಿ ಮಂಜುಗಡ್ಡೆ ಇರುವಲ್ಲಿ ಸ್ಕ್ರೂ ತಿರುಗಿಸಬಹುದು. ಸಡಿಲ ಹಿಮ ಇರುವಲ್ಲಿ ಯಾವುದೂ ನಿಲ್ಲುವುದಿಲ್ಲ. ನೆತ್ತಿಯ ಮೇಲೆ ನಡೆಯೋಣವೆಂದರೆ ಗಾಳಿ ಕಟ್ಟಿದ ಹಿಮ ಒಂದು ಬದಿಗೆ ಚಾಚಿಕೊಂಡಿರುತ್ತದೆ. ಮೇಲಿನಿಂದ ನೆಲದಂತೆಯೇ ಕಾಣುವ ಅದರ ಕೆಳಗೆ ಗಾಳಿಯಲ್ಲದೆ ಇನ್ನೇನೂ ಇರುವುದಿಲ್ಲ. ಇಂತಹ ಏಣಿನ ಮೇಲೆ ಇಬ್ಬರು ಹಗ್ಗ ಕಟ್ಟಿಕೊಂಡು ನಡೆಯುವಾಗ ಪರ್ವತಾರೋಹಿಗಳಿಗೆ ಕಲಿಸುವ ಪಾಠ ಒಂದಿದೆ. ಜೊತೆಗಾರ ಎಡಕ್ಕೆ ಜಾರಿದರೆ ನೀನು ಬಲಕ್ಕೆ ಹಾರು.

ಮೊದಲ ಸಲ ಇದನ್ನು ಕೇಳಿದಾಗ ನನಗೆ ನಂಬಲಾಗಲಿಲ್ಲ. ಆದರೆ ಲೆಕ್ಕ ಸರಳ. ನಿಂತಲ್ಲೇ ನಿಂತು ಹಿಡಿಯಲು ಹೋದರೆ ಬೀಳುವವನ ಭಾರ ಇಬ್ಬರನ್ನೂ ಒಂದೇ ಕಡೆಗೆ ಎಳೆದೊಯ್ಯುತ್ತದೆ. ವಿರುದ್ಧ ದಿಕ್ಕಿನ ಪ್ರಪಾತಕ್ಕೆ ಹಾರಿದರೆ ಹಗ್ಗ ಏಣಿನ ಮೇಲೆ ಅಡ್ಡಬಿದ್ದು, ಒಬ್ಬನ ಭಾರ ಇನ್ನೊಬ್ಬನನ್ನು ತೂಗಿ ಇಬ್ಬರೂ ಉಳಿಯುವ ಸಾಧ್ಯತೆ ಇದೆ. ಲೆಕ್ಕ ಸರಳವಾದರೂ ಅದನ್ನು ಮಾಡಬೇಕಾದವನ ಮನಸ್ಸನ್ನು ಯೋಚಿಸಿ. ಅವನ ಕಾಲು ಜಾರಿಲ್ಲ, ಅವನು ನಿಂತ ನೆಲ ಗಟ್ಟಿಯಾಗಿಯೇ ಇದೆ. ಇಷ್ಟು ಹೊತ್ತು ಪ್ರಾಣ ಹಿಡಿದುಕೊಂಡು ಯಾವ ಆಳಕ್ಕೆ ಬೀಳದಂತೆ ಹೆಜ್ಜೆಯಿಟ್ಟನೋ ಆ ಆಳಕ್ಕೇ, ತಾನಾಗಿ, ಒಂದು ಕ್ಷಣವೂ ಹಿಂದೆಮುಂದೆ ನೋಡದೆ ಅವನು ಹಾರಬೇಕು. ಯೋಚಿಸಿ ಮಾಡುವಷ್ಟು ಸಮಯ ಅಲ್ಲಿ ಇಲ್ಲ. ಹಾಗಾದರೆ ಅದನ್ನು ಮಾಡುವುದು ಯಾವುದು? ಅಷ್ಟು ದಿನ ಜೊತೆಯಲ್ಲಿ ನಡೆದು, ಒಬ್ಬರ ಗಂಟನ್ನು ಒಬ್ಬರು ಪರೀಕ್ಷಿಸಿ, ಒಂದೇ ಒಲೆಯಲ್ಲಿ ಹಿಮ ಕರಗಿಸಿ ಕುಡಿದು ರೂಢಿಯಾದ ಒಂದು ಸ್ವಭಾವ ಅದು ಎನ್ನಬೇಕು. ದೊಡ್ಡ ತ್ಯಾಗಗಳೆಲ್ಲ ದೊಡ್ಡ ನಿರ್ಧಾರಗಳಿಂದ ಹುಟ್ಟುತ್ತವೆ ಎಂದು ನಾವು ತಿಳಿದಿದ್ದೇವೆ. ಅವು ಹುಟ್ಟುವುದು ದಿನದಿನದ ಸಣ್ಣ ಎಚ್ಚರಗಳಿಂದ ಇರಬೇಕು ಎಂದು ಈ ಪಾಠ ಕೇಳಿದ ಮೇಲೆ ನನಗೆ ಬಲವಾಗಿ ಅನ್ನಿಸುತ್ತದೆ.

ಹಿಮವೇ ಇಲ್ಲದ ಬೆಂಗಳೂರಿನ ದಕ್ಷಿಣ ತುದಿಯಲ್ಲೂ ಈ ಎಚ್ಚರವನ್ನು ಕಣ್ಣಾರೆ ನೋಡಬಹುದು. ಬಂಡೆಯ ವಿಷಯದಲ್ಲಿ ನಾವೇನೂ ಬಡವರಲ್ಲ. ಜಯನಗರದ ಮಗ್ಗುಲಲ್ಲೇ ಇರುವ ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದರ ಮುಂದೆ, ಸುಮಾರು 5 ಕೋಟಿ ವರ್ಷಗಳ ಹಿಂದೆ ಏಳತೊಡಗಿದ ಹಿಮಾಲಯ ಇನ್ನೂ ಕೂಸು. ಮಾಗಡಿಯ ಕಡೆಗೆ ಹೋದರೆ ಸಾವನದುರ್ಗ, ಮೈಸೂರು ರಸ್ತೆಯಲ್ಲಿ ರಾಮನಗರದ ಬೆಟ್ಟಗಳು. ಅಷ್ಟು ದೂರ ಹೋಗಲಾಗದವರಿಗೆ ಬನಶಂಕರಿ ಆರನೇ ಹಂತಕ್ಕೆ ಅಂಟಿಕೊಂಡ ತುರಹಳ್ಳಿ ಕಾಡಿನ ಬಂಡೆಗಳಿವೆ. ಮುಂದೆ ಹಿಮಾಲಯಕ್ಕೆ ಹೋಗುವ ಕನಸಿರುವ ಹುಡುಗ ಹುಡುಗಿಯರು, ಬಿಟಿಎಂ ಲೇಔಟಿನ ಪಿಜಿಗಳಲ್ಲಿ ಇದ್ದುಕೊಂಡು ವಾರವೆಲ್ಲ ಕಂಪ್ಯೂಟರ್ ಮುಂದೆ ದುಡಿಯುವವರು, ರಜೆಯ ಮುಂಜಾನೆ ಇಂತಹ ಕಡೆಗಳಲ್ಲಿ ಬೆರಳು ಗಟ್ಟಿಮಾಡಿಕೊಳ್ಳುತ್ತಾರೆ.

ಅಲ್ಲಿ ಒಮ್ಮೆ ನಾನು ನೋಡುತ್ತ ನಿಂತಿದ್ದೆ. ಹತ್ತುವ ಮುನ್ನ ಹುಡುಗಿಯೊಬ್ಬಳು ಸೊಂಟದ ಹಾರ್ನೆಸ್‌ಗೆ ಎಂಟರ ಆಕಾರದ ಗಂಟು ಹಾಕಿಕೊಂಡಳು. ಜೊತೆಯ ಹುಡುಗ ಬಗ್ಗಿ ಆ ಗಂಟಿನ ಎಳೆಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿದ. ಅವಳು ಅವನ ಕ್ಯಾರಬೈನರ್ ಕೊಕ್ಕೆಯನ್ನು ಹಿಡಿದು ಹಿಸುಕಿ, ಬೀಗ ಬಿದ್ದಿದೆಯೇ ಎಂದು ಖಚಿತಪಡಿಸಿಕೊಂಡಳು. "ಬಿಲೇ?" "ಆನ್ ಬಿಲೇ." "ಹತ್ತುತ್ತಿದೀನಿ." "ಹತ್ತು." ಬಿಲೇ ಎಂದರೆ ಕೆಳಗೆ ನಿಂತು ಹಗ್ಗ ಹಿಡಿದು ಕಾಯುವುದು. ಅದೆಷ್ಟು ಸಲ ಆಡಿದ ಮಾತುಗಳೋ, ಆದರೂ ಒಂದನ್ನೂ ನುಂಗದೆ, ಮೊದಲ ಸಲ ಆಡುವವರ ಹಾಗೆ ಆಡಿದರು. ಆಮೇಲೆ ಎಲ್ಲರೂ ನೋಡಿದ್ದು ಅವಳನ್ನು. ಬಂಡೆಯ ಉಬ್ಬನ್ನು ತಬ್ಬಿ, ಕಾಣದ ಹಿಡಿಗಾಗಿ ತಡಕಾಡಿ, ಅವಳು ಮೇಲೇರುವುದು ನಿಜವಾಗಿಯೂ ನೋಡುವಂತಿತ್ತು. ನಾನು ಹುಡುಗನನ್ನು ನೋಡಿದೆ. ಅವನ ಎಡಗೈ ಹಗ್ಗವನ್ನು ಎಳೆದುಕೊಳ್ಳುತ್ತಿತ್ತು, ಬಲಗೈ ಸೊಂಟದ ಕೆಳಗೆ ಹಗ್ಗದ ಇನ್ನೊಂದು ಭಾಗವನ್ನು ಹಿಡಿದಿತ್ತು. ಆ ಬಲಗೈ ಸರಿಯುತ್ತಿತ್ತೇ ಹೊರತು ಒಮ್ಮೆಯೂ ಬಿಡುತ್ತಿರಲಿಲ್ಲ. ಸೊಳ್ಳೆ ಕುಳಿತ ಕೆನ್ನೆಯನ್ನು ಅವನು ಹೆಗಲಿಗೆ ಉಜ್ಜಿಕೊಂಡ. ಕತ್ತು ಹಿಂದಕ್ಕೆ ಬಾಗಿಸಿಯೇ ನಿಂತು ಅವನಿಗೆ ನೋವಾಗಿದ್ದಿರಬೇಕು.

"ನಿನ್ನ ಸರದಿ ಇನ್ನೂ ಬಂದಿಲ್ವೇನಪ್ಪಾ?" ಎಂದೆ.

"ಅವಳು ಇಳೀಲಿ ಸರ್, ಆಮೇಲೆ ಮಾತಾಡ್ತೀನಿ," ಎಂದ. ನನ್ನ ಕಡೆ ತಿರುಗಲಿಲ್ಲ.

ಹಿರಿಯರ ಮಾತಿಗೆ ಮುಖ ಕೊಟ್ಟು ಉತ್ತರಿಸುವುದು ಮರ್ಯಾದೆ ಎಂದು ಕಲಿತು ಬಂದ ನನಗೆ, ಮುಖ ಕೊಡದ ಆ ಉತ್ತರ ಬಹಳ ದೊಡ್ಡ ಮರ್ಯಾದೆಯಾಗಿ ಕಂಡಿತು. ಅದು ಮೇಲಿದ್ದವಳಿಗೆ ಸಲ್ಲುತ್ತಿತ್ತು. ಒಬ್ಬ ಮನುಷ್ಯನಿಗೆ ಇನ್ನೊಬ್ಬ ಕೊಡಬಹುದಾದದ್ದರಲ್ಲಿ ಕೆಡದ ಗಮನಕ್ಕಿಂತ ಮಿಗಿಲಾದುದು ಏನಿದೆ? ಪಕ್ಕದಲ್ಲಿ ಕುಳಿತವರ ಮಾತು ಕೇಳುತ್ತಲೇ ಕೈಯಲ್ಲಿ ಫೋನಿನ ಪರದೆ ಸರಿಸುವ ಈ ಕಾಲದಲ್ಲಿ, ಇಪ್ಪತ್ತು ನಿಮಿಷ ಒಬ್ಬರ ಮೇಲೆಯೇ ಕಣ್ಣಿಟ್ಟು ನಿಲ್ಲುವುದನ್ನು ಕಲಿಸುವ ಶಾಲೆ ಒಂದು ಬಂಡೆಯ ಬುಡದಲ್ಲಿ ನಡೆಯುತ್ತಿದೆ. ಆ ಶಾಲೆಗೆ ಮಕ್ಕಳನ್ನು ಕಳಿಸಲು ಹೆದರುವ ತಂದೆತಾಯಿಯರನ್ನು ನಾನು ಬಲ್ಲೆ, ಅವರ ಭಯವೂ ನನಗೆ ಅರ್ಥವಾಗುತ್ತದೆ. ಆದರೆ ಬೀಳುವ ಭಯವನ್ನು ನೋಡುವ ಅವರು, ಹಿಡಿಯುವ ವಿದ್ಯೆಯನ್ನೂ ಒಮ್ಮೆ ಬಂದು ನೋಡಬೇಕು.

ಹಿಡಿಯುವ ವಿದ್ಯೆ ಎಂದಾಗಲೆಲ್ಲ ನೆನಪಾಗುವುದು ಕೆ2 ಪರ್ವತ, 8,611 ಮೀಟರಿನ, ಜಗತ್ತಿನ ಎರಡನೇ ಅತಿ ಎತ್ತರದ ಶಿಖರ. ಹಿಲರಿ ಮತ್ತು ತೇನ್‌ಸಿಂಗ್ ಎವರೆಸ್ಟ್ ಏರಿದ ಅದೇ ವರ್ಷ, ಚಾರ್ಲ್ಸ್ ಹೂಸ್ಟನ್ ನಾಯಕತ್ವದ ಎಂಟು ಜನರ ತಂಡವೊಂದು ಕೆ2ರ ಅಬ್ರುಜಿ ಏಣನ್ನು ಹಿಡಿದು ಹೊರಟಿತ್ತು. ಕಲ್ಲು, ಮಂಜುಗಡ್ಡೆ, ಹಿಮ ಮೂರೂ ಬೆರೆತ ಕಠಿಣ ದಾರಿ. ಏಳು ಸಾವಿರದ ಏಳುನೂರು ಮೀಟರಿನ ಆಸುಪಾಸಿನಲ್ಲಿ, ಬಿರುಗಾಳಿಗೆ ಸಿಕ್ಕಿ ಡೇರೆಯಲ್ಲಿ ದಿನಗಟ್ಟಲೆ ಕೂತಿದ್ದಾಗ, ತಂಡದ ಆರ್ಟ್ ಗಿಲ್ಕಿ ಎಂಬ ತರುಣನ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತು. ಹೂಸ್ಟನ್ ವೈದ್ಯರು, ಆ ಎತ್ತರದಲ್ಲಿ ಇದರರ್ಥ ಏನೆಂದು ಅವರಿಗೆ ಗೊತ್ತಿತ್ತು. ಅವನನ್ನು ಕೆಳಗಿಳಿಸುವುದು ಹೆಚ್ಚುಕಡಿಮೆ ಅಸಾಧ್ಯ, ಇಳಿಸಲು ಹೋದರೆ ಎಲ್ಲರೂ ಸಾಯಬಹುದು. ಬಿಟ್ಟು ಇಳಿಯುವುದನ್ನು ಅವರು ಒಪ್ಪಲಿಲ್ಲ. ಮಲಗುವ ಚೀಲದಲ್ಲಿ ಅವನನ್ನು ಸುತ್ತಿ, ಹಗ್ಗ ಕಟ್ಟಿ, ಅಡಿ ಅಡಿಯಾಗಿ ಇಳಿಸತೊಡಗಿದರು.

ಆಗಸ್ಟ್ 10. ಜಾರ್ಜ್ ಬೆಲ್ ಕಾಲು ಜಾರಿದರು. ಅವರ ಹಗ್ಗದಲ್ಲಿದ್ದ ಇನ್ನೊಬ್ಬರು ಎಳೆಯಲ್ಪಟ್ಟರು. ಆ ಹಗ್ಗ ಮತ್ತಿಬ್ಬರ ಹಗ್ಗಕ್ಕೆ ಸಿಕ್ಕಿಕೊಂಡು ಅವರೂ ಉರುಳಿದರು. ಅದು ಗಿಲ್ಕಿಗೆ ಕಟ್ಟಿಕೊಂಡಿದ್ದ ಮತ್ತೊಬ್ಬರನ್ನೂ ಕಿತ್ತಿತು. ಐದು ಜನ ಬೀಳುತ್ತಿದ್ದಾರೆ, ಆರನೆಯವನು ರೋಗಿ, ನೇತಾಡುತ್ತಿದ್ದಾನೆ. ಇಷ್ಟೂ ಭಾರ ಬಂದು ನಿಂತದ್ದು ಮೇಲೆ ಗಿಲ್ಕಿಯ ಹಗ್ಗ ಹಿಡಿದು ನಿಂತಿದ್ದ ಇಪ್ಪತ್ತಾರು ವರ್ಷದ ಪೀಟ್ ಶೋನಿಂಗ್ ಮೇಲೆ. ಅವರು ಮೊದಲೇ ತಮ್ಮ ಐಸ್ ಆಕ್ಸನ್ನು ಹಿಮದಲ್ಲಿ ಹುದುಗಿದ ಬಂಡೆಯೊಂದರ ಹಿಂದೆ ಊರಿ, ಹಗ್ಗವನ್ನು ಅದರ ಹಿಡಿಗೂ ತಮ್ಮ ಸೊಂಟಕ್ಕೂ ಸುತ್ತಿಕೊಂಡಿದ್ದರು. ಹಗ್ಗ ಬಿಗಿಯಿತು, ಹಿಗ್ಗಿತು. ತುಂಡಾಗಲಿಲ್ಲ. ಉಡದ ಪಟ್ಟು ಎನ್ನುತ್ತೇವಲ್ಲ, ಅದು ಆ ಕೈಗಳಲ್ಲಿತ್ತು. ಆರೂ ಜನ ನಿಂತರು.

ಗಿಲ್ಕಿ ಮಾತ್ರ ಉಳಿಯಲಿಲ್ಲ. ಗಾಯಾಳುಗಳಿಗಾಗಿ ಉಳಿದವರು ಡೇರೆ ಹಾಕುತ್ತಿದ್ದಾಗ, ಇಳಿಜಾರಿನಲ್ಲಿ ಭದ್ರವಾಗಿ ಕಟ್ಟಿಟ್ಟಿದ್ದ ಅವನು ಕಾಣದಾದ. ಹಿಮಕುಸಿತ ಒಯ್ದಿರಬೇಕೆಂದು ತಿಳಿದರು. ಶಿಖರ ತಲುಪದೆ, ಯಾರಿಗಾಗಿ ಪ್ರಾಣ ಪಣಕ್ಕಿಟ್ಟರೋ ಅವನನ್ನೂ ಕಳೆದುಕೊಂಡು ಆ ತಂಡ ಹಿಂತಿರುಗಿತು. ಎಣಿಕೆಯ ದೃಷ್ಟಿಯಿಂದ ಅದು ಸೋಲು. ಆದರೂ ಪರ್ವತಾರೋಹಿಗಳು ಎಪ್ಪತ್ತು ವರ್ಷಗಳ ನಂತರವೂ ಆ ಸೋಲಿನ ಬಗ್ಗೆ ಮಾತಾಡುವಾಗ ದನಿ ತಗ್ಗಿಸುತ್ತಾರೆ. ಶೋನಿಂಗ್ ತಮ್ಮ ಕೆಲಸವನ್ನು ದೊಡ್ಡದು ಮಾಡಿ ಹೇಳಿಕೊಂಡವರಲ್ಲ. ಅವರ ಐಸ್ ಆಕ್ಸ್ ಈಗ ಅಮೆರಿಕದ ಕೊಲರಾಡೊದ ಗೋಲ್ಡನ್ ಪಟ್ಟಣದ ಪರ್ವತಾರೋಹಣ ವಸ್ತುಸಂಗ್ರಹಾಲಯದಲ್ಲಿದೆ.

ಮರುವರ್ಷ, 1954ರ ಜುಲೈ 31ರಂದು, ಇಟಲಿಯ ತಂಡದ ಇಬ್ಬರು ಕೆ2 ಶಿಖರ ಮುಟ್ಟಿದರು. ಅವರಿಗೆ ಬೇಕಾದ ಆಮ್ಲಜನಕದ ಸಿಲಿಂಡರುಗಳನ್ನು ಹಿಂದಿನ ದಿನ ಹೊತ್ತು ತಂದವರು ವಾಲ್ಟರ್ ಬೊನಾಟಿ ಮತ್ತು ಹುಂಜಾ ಕಣಿವೆಯ ಅಮೀರ್ ಮೆಹ್ದಿ. ಹೇಳಿದ ಜಾಗದಲ್ಲಿ ಡೇರೆ ಇರಲಿಲ್ಲ, ಕತ್ತಲಾಯಿತು; ಎಂಟು ಸಾವಿರ ಮೀಟರಿಗೂ ಮೇಲೆ, ಹೊದಿಕೆಯಿಲ್ಲದೆ, ಇಬ್ಬರೂ ಬಯಲಲ್ಲೇ ರಾತ್ರಿ ಕಳೆದರು. ಮೆಹ್ದಿ ಕಾಲ್ಬೆರಳುಗಳನ್ನು ಕಳೆದುಕೊಂಡರು. ಆ ರಾತ್ರಿಯ ಬಗ್ಗೆ ಬೊನಾಟಿ ಹೇಳಿದ್ದೇ ಸರಿ ಎಂದು ಅವರ ದೇಶದ ಪರ್ವತಾರೋಹಣ ಸಂಸ್ಥೆ ಒಪ್ಪಲು ಅರ್ಧ ಶತಮಾನ ಬೇಕಾಯಿತು. ಒಂದೇ ಪರ್ವತ, ಒಂದೇ ಏಣು. ಗೆದ್ದವರ ಕಥೆಗಿಂತ ಸೋತವರ ಕಥೆಯೇ ನನಗೆ ಎತ್ತರದ್ದಾಗಿ ಕಾಣುತ್ತದೆ, ಇದನ್ನು ನಾನು ಮುಚ್ಚಿಡುವುದಿಲ್ಲ.

ಶಿಖರವೊಂದನ್ನೇ ಎಣಿಸುವ ಮನಸ್ಸು ನಮ್ಮನ್ನು ಎಲ್ಲಿಗೆ ಕೊಂಡೊಯ್ಯುತ್ತದೆ ಎಂಬುದಕ್ಕೆ ನಮ್ಮೂರಿಗೆ ಹತ್ತಿರದ ಸಾಕ್ಷಿಯೂ ಇದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಸತ್ಯರೂಪ್ ಸಿದ್ಧಾಂತ 2016ರ ಮೇ ತಿಂಗಳಲ್ಲಿ ಎವರೆಸ್ಟ್ ಏರಿದರು. ಕೆಲವೇ ವಾರಗಳಲ್ಲಿ ಅವರ ಶಿಖರದ ಚಿತ್ರಗಳೇ, ತುಸು ತಿದ್ದಿದ ರೂಪದಲ್ಲಿ, ಪುಣೆಯ ದಂಪತಿಯೊಬ್ಬರ ಸಾಧನೆಯ ಪುರಾವೆಯಾಗಿ ಹೊರಬಂದವು. ಮೋಸ ಬಯಲಾಗಿ ನೇಪಾಳ ಸರ್ಕಾರ ಆ ದಂಪತಿಯನ್ನು ಹತ್ತು ವರ್ಷ ತನ್ನ ಪರ್ವತಗಳಿಂದ ದೂರವಿಟ್ಟಿತು. ಅವರನ್ನು ಬೈಯುವುದು ಸುಲಭ. ಆದರೆ ಶಿಖರದ ಮೇಲೆ ನಿಂತ ಒಂದು ಚಿತ್ರಕ್ಕೆ ಅಷ್ಟು ಬೆಲೆ ಕಟ್ಟಿಟ್ಟವರು ಯಾರು? ಹಗ್ಗ ಹಿಡಿದು ನಿಂತ ಚಿತ್ರವನ್ನು ಯಾರೂ ಕದಿಯುವುದಿಲ್ಲ, ಏಕೆಂದರೆ ಅದಕ್ಕೆ ಪೇಟೆಯಲ್ಲಿ ಬೆಲೆಯಿಲ್ಲ. ಫಲಿತಾಂಶದ ಕಾಲದಲ್ಲಿ ಜಯನಗರ, ಜೆಪಿ ನಗರದ ಬೀದಿಗಳಲ್ಲಿ ಎದ್ದುನಿಲ್ಲುವ ಫಲಕಗಳನ್ನು ನೋಡಿ: ಸಾಲುಸಾಲು ಮಕ್ಕಳ ಮುಖ, ಪಕ್ಕದಲ್ಲಿ ಅಂಕ. ಆ ಮಕ್ಕಳು ದುಡಿದದ್ದು ನಿಜ, ಅವರ ನಗೆ ನೋಡಿದರೆ ನನಗೂ ಸಂತೋಷವಾಗುತ್ತದೆ. ಆದರೆ ಆ ಫಲಕಗಳ ಅಡಿಯಲ್ಲೇ ಓಡಾಡಿ ಬೆಳೆಯುವ ಉಳಿದ ಮಕ್ಕಳು ಏನನ್ನು ಕಲಿಯುತ್ತಾರೆ? ಪರೀಕ್ಷೆಯ ಹಿಂದಿನ ರಾತ್ರಿ ಗೆಳೆಯನಿಗೆ ಗಣಿತ ಹೇಳಿಕೊಟ್ಟು ತನ್ನ ನಿದ್ದೆ ಕೆಡಿಸಿಕೊಂಡ ಹುಡುಗನ ಮುಖ ಯಾವ ಫಲಕದ ಮೇಲೂ ಬರುವುದಿಲ್ಲ.

ಹಗ್ಗವೇ ಇಲ್ಲದೆ ಏರುವವರೂ ಇದ್ದಾರೆ. ಚಿತ್ರದುರ್ಗದ ಕೋಟೆಗೋಡೆಯನ್ನು ಬರಿಗೈಯಲ್ಲಿ ಹತ್ತುವ ಜ್ಯೋತಿರಾಜ್ ಅವರನ್ನು ಕಂಡು ಬೆರಗಾಗದ ಕನ್ನಡಿಗ ಇರಲಾರ. ಅದು ಬೇರೆಯೇ ಒಂದು ತಪಸ್ಸು, ಅದರ ಮುಂದೆ ನಾನು ತಲೆಬಾಗುತ್ತೇನೆ. ನಾನು ಹೇಳುತ್ತಿರುವುದು ಉಳಿದ ನಮ್ಮೆಲ್ಲರ ಬಗ್ಗೆ. ಯಾರದೋ ಕೈಯ ಬಿಗಿಯಿಲ್ಲದೆ ಒಂದು ಮೆಟ್ಟಿಲನ್ನೂ ಏರದವರ ಬಗ್ಗೆ.

ಅಂತಹ ಕೈಗಳು ಹಗ್ಗದ ತುದಿಯಲ್ಲಷ್ಟೇ ಇರುವುದಿಲ್ಲ. ನಮ್ಮ ರಾಜ್ಯದಲ್ಲಿ ಯುವಕರಿಗೆ ಬಂಡೆ ಹತ್ತುವುದನ್ನು ಕಲಿಸುವ ಸಾಹಸ ಅಕಾಡೆಮಿಗೆ ಕೊಡಗಿನ ಜನರಲ್ ತಿಮ್ಮಯ್ಯನವರ ಹೆಸರಿದೆ. ಕಾಶ್ಮೀರ ಯುದ್ಧದ ವೇಳೆ, 1948ರ ನವೆಂಬರ್ 1ರಂದು ಜೋಜಿಲಾ ಕಣಿವೆಮಾರ್ಗದಲ್ಲಿ, ಟ್ಯಾಂಕು ಹೋಗಲಾರದು ಎಂದು ಎಲ್ಲರೂ ನಂಬಿದ್ದ ಸುಮಾರು 11,500 ಅಡಿ ಎತ್ತರಕ್ಕೆ ಟ್ಯಾಂಕುಗಳನ್ನು ಕೊಂಡೊಯ್ದ ಕೀರ್ತಿ ಅವರದು. ಹೇಸರಗತ್ತೆಗಳು ನಡೆಯುವ ಕಾಲುದಾರಿಯನ್ನು ಆ ಟ್ಯಾಂಕುಗಳಿಗೆ ಅಗಲಮಾಡಿ ಕೊಟ್ಟವರು ಸೇನೆಯ ಎಂಜಿನಿಯರ್ ದಳದ ಮದ್ರಾಸ್ ಸ್ಯಾಪರ್ಸ್. ಅವರ ಕೇಂದ್ರ ಇದೇ ಬೆಂಗಳೂರಿನ ಹಲಸೂರು ಕೆರೆಯ ಬಳಿ ಇದೆ. ಅದರ ಮುಂದೆ ದಿನವೂ ಹಾದುಹೋಗುವವರಲ್ಲಿ ಜೋಜಿಲಾ ದಾರಿಯನ್ನು ನೆನೆಯುವವರು ವಿರಳ.

ಇನ್ನು ಕೆಲವೇ ತಿಂಗಳಲ್ಲಿ ಮತ್ತೆ ಹಿಮಾಲಯದ ಋತು ಬರುತ್ತದೆ. ನಮ್ಮ ಬಡಾವಣೆಗಳ ಯಾರೋ ಒಬ್ಬ ಹುಡುಗಿ, ಯಾರೋ ಒಬ್ಬ ಹುಡುಗ ಒಂದು ಕಠಿಣ ಏಣನ್ನು ಏರಿ, ಸುಟ್ಟು ಕಪ್ಪಾದ ಮುಖ ಹೊತ್ತು ಊರಿಗೆ ಮರಳುತ್ತಾರೆ. ಬಡಾವಣೆಯ ಸಂಘದವರು ಸಭೆ ಏರ್ಪಡಿಸುತ್ತಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ ಎಲ್ಲವೂ ಸಿದ್ಧವಾಗುತ್ತದೆ. ಆಗಲಿ, ಆಗಲೇಬೇಕು. ಸಂಘಟಕರಲ್ಲಿ ನನ್ನದೊಂದು ಬೇಡಿಕೆ. ಕರೆಯುವ ಮೊದಲು ಆ ಹುಡುಗಿಗೆ ಒಂದು ಫೋನ್ ಮಾಡಿ, ನಿನ್ನ ಹಗ್ಗ ಹಿಡಿದವರು ಯಾರಮ್ಮಾ ಎಂದು ಕೇಳಿ. ಅವರು ಶಿಖರದವರೆಗೆ ಬರದೆ ಅರ್ಧದಲ್ಲೇ ಹಿಂತಿರುಗಿದ್ದರೂ ಸರಿ, ಅವರ ಹೆಸರನ್ನೂ ಆಹ್ವಾನಪತ್ರಿಕೆಯಲ್ಲಿ ಹಾಕಿಸಿ, ವೇದಿಕೆಯ ಮೇಲೆ ಇನ್ನೊಂದು ಕುರ್ಚಿ ಇಡಿಸಿ, ಅಂಗಡಿಗೆ ಹೋದಾಗ ಎರಡು ಶಾಲು ಕೊಳ್ಳಿ.